ಅಮ್ಮ, ಮಕ್ಕಳು ಮತ್ತು ನಾಕ್ಸೋಸ್: ಗಾಳಿಗೆ ಮರೆಯಾದ ಮರಳ ತೀರ ಯಾವುದು?

ತುಂಗಾತೀರ

ನಮಸ್ಕಾರ. ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದ್ದೇವೆ. ಶಿವಮೊಗ್ಗದಿಂದ ಅಪ್ಪ, ಅಮ್ಮ ಬೇಸಿಗೆಗೆ ಬರುತ್ತಿದ್ದಾರೆ. ಎಲ್ಲರೂ ಸೇರಿ ಒಂದು ವಾರದ ಮಟ್ಟಿಗೆ ಗ್ರೀಸಿನ ನಾಕ್ಸೋಸ್ ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ಮಕ್ಕಳಿಗೆ ಮೂರು ಮತ್ತು ಏಳು ವರ್ಷ. ಅಮ್ಮನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಮತ್ತು ಜಾರುವ ಕಲ್ಲು ಆಗದು. ಒಮ್ಮೆಯಾದರೂ ಸಮುದ್ರದಲ್ಲಿ ಎದೆಮಟ್ಟ ನೀರಿನಲ್ಲಿ ನಿಲ್ಲಬೇಕೆಂಬುದು ಅವರ ಬಹುದಿನದ ಆಸೆ. ನಮ್ಮ ಕಡೆಯ ಅಲೆಗಳಿಗೆ ಹೆದರಿ ಈವರೆಗೆ ಪಾದ ತೋಯಿಸುವುದಕ್ಕಿಂತ ಮುಂದೆ ಹೋಗಿಲ್ಲ.

ಆಳವಿಲ್ಲದ ನೀರು, ಮೆತ್ತನೆಯ ಮರಳು, ಗಾಳಿಗೆ ಮರೆ, ಹತ್ತಿರದಲ್ಲೇ ಊಟ, ಇಷ್ಟು ಸಿಕ್ಕರೆ ಸಾಕು. ನಾಕ್ಸೋಸಿನ ಪಶ್ಚಿಮ ದಂಡೆಯಲ್ಲಿ ಸಾಲು ಸಾಲು ಕಡಲತೀರಗಳಿವೆ, ಚಿತ್ರಗಳಲ್ಲಿ ಎಲ್ಲವೂ ಒಂದೇ ರೀತಿ ನೀಲಿಯಾಗಿ ಕಾಣುತ್ತವೆ. ಎಲ್ಲಿ ಉಳಿಯಬೇಕು? ಆಗಸ್ಟ್ ಮಧ್ಯದಲ್ಲಿ ಹೋಗುವುದೋ, ಸೆಪ್ಟೆಂಬರ್ ಮೊದಲ ವಾರವೋ? ನಮ್ಮ ರಾಜ್ಯದಲ್ಲಿ ಶಾಲೆಗಳು ತಡವಾಗಿ ತೆರೆಯುವುದರಿಂದ ಎರಡೂ ಸಾಧ್ಯ. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ಎಂಬುದನ್ನೂ ಸೇರಿಸಿಬಿಡುತ್ತೇನೆ.

ಅಘನಾಶಿನಿ

ಚಿಕ್ಕ ಮಕ್ಕಳೊಂದಿಗೆ ಆ ದಂಡೆಯಲ್ಲಿ ಉಳಿದವಳು ನಾನು, ಹಾಗಾಗಿ ವಿವರವಾಗಿಯೇ ಬರೆಯುತ್ತೇನೆ.

ಬಂದರು ಇರುವ ಮುಖ್ಯ ಊರಿನ ಹೆಸರು ಹೋರಾ. ಅದರ ದಕ್ಷಿಣ ಅಂಚಿಗೇ ಅಂಟಿಕೊಂಡಿರುವುದು ಅಗಿಯೋಸ್ ಯೋರ್ಗಿಯೋಸ್ ತೀರ. ನಿಮ್ಮ ಮೂರು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಆ ದ್ವೀಪದಲ್ಲಿ ಇನ್ನೊಂದಿಲ್ಲ ಎಂದೇ ಹೇಳುತ್ತೇನೆ. ನೀರಿಗಿಳಿದು ಎಷ್ಟೋ ದೂರ ನಡೆದರೂ ದೊಡ್ಡವರಿಗೆ ಸೊಂಟ ದಾಟುವುದಿಲ್ಲ. ಮರಳು ನುಣುಪು. ಊರ ಕಡೆಯ ತುದಿಯಲ್ಲಿ ಹೋಟೆಲು, ಅಂಗಡಿ, ಔಷಧದಂಗಡಿ ಎಲ್ಲವೂ ಕಾಲ್ನಡಿಗೆಯಲ್ಲಿವೆ. ಆಸ್ಪತ್ರೆ ಇರುವುದೂ ಹೋರಾದಲ್ಲೇ. ತೀರದ ದಕ್ಷಿಣ ತುದಿಗೆ ಹೋಗಬೇಡಿ, ಅದು ಗಾಳಿಹಾಯಿ ಹಲಗೆಯವರ (ವಿಂಡ್‌ಸರ್ಫಿಂಗ್) ಕಲಿಕೆಯ ತಾಣ.

ಅಲ್ಲಿಂದ ಸುಮಾರು ಐದೂವರೆ ಕಿಲೋಮೀಟರ್ ಮುಂದೆ ಅಗಿಯೋಸ್ ಪ್ರೊಕೋಪಿಯೋಸ್. ನೀರಿನ ಬಣ್ಣಕ್ಕೆ ಮನಸೋಲದವರಿಲ್ಲ. ಅದರ ವಾಯವ್ಯಕ್ಕೆ ಸ್ಟೆಲಿಡಾ ಗುಡ್ಡ ನಿಂತಿದೆ, ಉತ್ತರದ ಗಾಳಿಯ ದೊಡ್ಡ ಪಾಲನ್ನು ಅದು ತಡೆಯುತ್ತದೆ. ಮರಳು ಸ್ವಲ್ಪ ದಪ್ಪ ಕಾಳಿನದು, ಗಾಳಿ ಬಂದರೂ ಕಣ್ಣಿಗೆ ಹಾರುವುದು ಕಡಿಮೆ. ಆದರೆ ಅಂಚಿನಿಂದ ಕೆಲವೇ ಹೆಜ್ಜೆಗೆ ಆಳ ಸಿಗುತ್ತದೆ. ಏಳು ವರ್ಷದ ಈಜುಗಾರನಿಗೆ ಸರಿ, ಮೂರರ ಮಗುವಿನ ಕೈ ಬಿಡುವಂತಿಲ್ಲ.

ಮುಂದಿನದು ಅಗಿಯಾ ಆನ್ನಾ, ಪುಟ್ಟ ದೋಣಿಗಟ್ಟೆಯ ಪಕ್ಕ ಇನ್ನೂ ಪುಟ್ಟ ಕೊಲ್ಲಿ. ಅದರಾಚೆ ನಾಲ್ಕು ಕಿಲೋಮೀಟರ್ ಉದ್ದದ ಪ್ಲಾಕಾ, ಬಹಳ ಸುಂದರ ಮತ್ತು ಪೂರ್ತಿ ಬಯಲು. ಮಿಕ್ರಿ ವಿಗ್ಲಾದತ್ತ ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಜಾರುವವರು ಸೇರುತ್ತಾರೆ. ಅವರು ಎಲ್ಲಿ ಸೇರುತ್ತಾರೋ ಅಲ್ಲಿ ಮಕ್ಕಳ ಮರಳುಮನೆ ನಿಲ್ಲುವುದಿಲ್ಲ ಎಂದು ತಿಳಿದರೆ ಸಾಕು.

ನಾವಿಕ ಕಾರವಾರ

ಹಡಗಿನ ಕೆಲಸದಿಂದಾಗಿ ಅಥೆನ್ಸಿನ ಪಿರೇಯಸ್ ಬಂದರು ನನಗೆ ಹಳೆಯ ಪರಿಚಯ. ತೀರದ ಹೆಸರು ಆರಿಸುವ ಮೊದಲು ಗಾಳಿಯನ್ನು ಅರ್ಥಮಾಡಿಕೊಳ್ಳಿ. ಏಜಿಯನ್ ಸಮುದ್ರದ ಬೇಸಿಗೆಯನ್ನು ಆಳುವುದು ಮೆಲ್ಟೆಮಿ ಎಂಬ ಉತ್ತರದ ಒಣ ಗಾಳಿ. ಪ್ರಾಚೀನ ಗ್ರೀಕರು ಇದನ್ನೇ ಎಟೀಸಿಯನ್ ಎಂದು ಕರೆದು ಹಡಗು ಯಾನದ ಲೆಕ್ಕ ಹಾಕುತ್ತಿದ್ದರು. ಜುಲೈ ಮತ್ತು ಆಗಸ್ಟ್‌ನಲ್ಲಿ ಇದರ ಅಬ್ಬರ ಹೆಚ್ಚು. ಮೋಡವಿಲ್ಲ, ಮಳೆಯಿಲ್ಲ, ಆಕಾಶ ಶುಭ್ರ, ಆದರೂ ಸಮುದ್ರ ಬೆಳ್ಳಗೆ ನೊರೆಯೆದ್ದಿರುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದಿಂದ ಬಲಗೊಂಡು ರಾತ್ರಿ ತಗ್ಗುತ್ತದೆ. ಕೆಲವೊಮ್ಮೆ ದಿನಗಟ್ಟಲೆ ಬಿಡುವೇ ಕೊಡುವುದಿಲ್ಲ.

ಇದಕ್ಕೂ ನಮ್ಮ ಮುಂಗಾರಿಗೂ ನಂಟಿದೆ ಎಂದರೆ ಆಶ್ಚರ್ಯವಾದೀತು. ಮಳೆಗಾಲದಲ್ಲಿ ವಾಯವ್ಯ ಭಾರತ ಮತ್ತು ಪಾಕಿಸ್ತಾನದ ಮೇಲೆ ನೆಲೆಸುವ ಕಡಿಮೆ ಒತ್ತಡದ ಪಟ್ಟಿ ಇರಾನಿನ ಮೇಲೆ ಹಾದು ಟರ್ಕಿಯ ಅನತೋಲಿಯಾದವರೆಗೆ ಚಾಚಿಕೊಳ್ಳುತ್ತದೆ. ಬಾಲ್ಕನ್ ಕಡೆ ಹೆಚ್ಚಿನ ಒತ್ತಡ ಇರುತ್ತದೆ. ಈ ಎರಡರ ನಡುವಿನ ಇಳಿಜಾರಿನಲ್ಲಿ ಏಜಿಯನ್ ಮೇಲೆ ಗಾಳಿ ನುಗ್ಗುತ್ತದೆ. ಆಗುಂಬೆಯ ಮಳೆಯೂ ನಾಕ್ಸೋಸಿನ ಗಾಳಿಯೂ ಒಂದೇ ದೊಡ್ಡ ವ್ಯವಸ್ಥೆಯ ಎರಡು ತುದಿಗಳು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸೆಪ್ಟೆಂಬರ್. ಗಾಳಿ ಪೂರ್ತಿ ನಿಂತಿರುವುದಿಲ್ಲ, ಆದರೆ ಅದರ ಪಟ್ಟು ಸಡಿಲವಾಗಿರುತ್ತದೆ. ನೀರು ಬೇಸಿಗೆಯಿಡೀ ಕಾದು 24 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಆಗಸ್ಟ್ 15 ಮಾತೆ ಮರಿಯಳ ಹಬ್ಬ, ಗ್ರೀಸಿಗೆ ಗ್ರೀಸೇ ದ್ವೀಪಗಳ ಕಡೆ ಹೊರಡುವ ಸಮಯ. ಪಕ್ಕದ ಟಿನೋಸ್ ದ್ವೀಪಕ್ಕೆ ಹರಕೆ ಹೊತ್ತ ಯಾತ್ರಿಕರ ಪ್ರವಾಹವೇ ಹರಿಯುತ್ತದೆ. ಆ ವಾರ ಹಡಗಿನಲ್ಲಿ ನಿಮ್ಮ ಅಮ್ಮನಿಗೆ ಆರಾಮವಾದ ಆಸನ ಸಿಗುವುದೂ ಕಷ್ಟ, ಕೊಠಡಿ ಬಾಡಿಗೆಯೂ ದುಬಾರಿ.

ಕೊಡಚಾದ್ರಿ

ಎಲ್ಲರೂ ನಾಕ್ಸೋಸ್ ಎನ್ನುತ್ತಿದ್ದೀರಿ. ಕ್ರೀಟ್ ದ್ವೀಪದ ಎಲಫೋನಿಸಿಯನ್ನು ಏಕೆ ಬಿಡಬೇಕು? ಕೆಂಪು ಛಾಯೆಯ ಮರಳು, ಮೊಣಕಾಲುದ್ದ ನೀರಿನ ಹಿನ್ನೀರು, ಮಕ್ಕಳು ಗಂಟೆಗಟ್ಟಲೆ ಆಡಬಹುದು. ಅಂತಹ ನೀರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಘನಾಶಿನಿ

ನೋಡಲು ಎಲಫೋನಿಸಿ ಅಪೂರ್ವ ಎಂಬುದನ್ನು ಒಪ್ಪುತ್ತೇನೆ. ಆದರೆ ಹಾನ್ಯಾ ಪಟ್ಟಣದಿಂದ ಅಲ್ಲಿಗೆ ಸುಮಾರು 75 ಕಿಲೋಮೀಟರ್, ಕೊನೆಯ ಭಾಗವೆಲ್ಲ ತಿರುವುಗಳ ಬೆಟ್ಟದ ದಾರಿ. ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಅಷ್ಟೇ. ಅದು ಸಂರಕ್ಷಿತ ಪ್ರದೇಶ, ಮರಳು ಒಯ್ಯುವುದಂತೂ ನಿಷಿದ್ಧ, ಮರದ ನೆರಳು ವಿರಳ. ಮೂರು ವರ್ಷದ ಮಗು ನಿದ್ದೆಗೆ ಹಠ ಹಿಡಿದಾಗ, ಅಜ್ಜಿಗೆ ಕಾಲು ಚಾಚಬೇಕೆನಿಸಿದಾಗ, ಹತ್ತು ನಿಮಿಷದಲ್ಲಿ ಕೊಠಡಿ ಸೇರುವಂತಿರಬೇಕು. ಮೂರು ತಲೆಮಾರು ಒಟ್ಟಿಗೆ ಹೋಗುವಾಗ ತೀರದ ಸೌಂದರ್ಯಕ್ಕಿಂತ ಹಾಸಿಗೆಯಿಂದ ನೀರಿಗೆ ಎಷ್ಟು ಹೆಜ್ಜೆ ಎಂಬುದೇ ದೊಡ್ಡದು. ನಾನು ಈ ಮಾತಿನಲ್ಲಿ ರಾಜಿಯಾಗುವುದಿಲ್ಲ.

ಕೊಡಚಾದ್ರಿ

ಅಜ್ಜಿಯ ಕಾಲಿನ ವಿಷಯದಲ್ಲಿ ನಿಮ್ಮ ಮಾತೇ ಸರಿ. ನಾವು ಹೋಗಿದ್ದು ಇಬ್ಬರೇ, ಕಾರು ಇತ್ತು.

ತುಂಗಾತೀರ

ಸೆಪ್ಟೆಂಬರ್ ಮೊದಲ ವಾರ ಎಂದು ಬಹುತೇಕ ನಿಶ್ಚಯ. ಇನ್ನೂ ಕೆಲವು ಸಂಶಯಗಳಿವೆ. ಅಮ್ಮ ನೀರಿಗಿಳಿಯುವುದು ಹೇಗೆ? ಮಕ್ಕಳಿಗೆ ಗಾಳಿ ತುಂಬಿದ ದೊಡ್ಡ ಹಂಸವೊಂದನ್ನು ಕೊಂಡಿಟ್ಟಿದ್ದೇವೆ, ಅದನ್ನು ತರಬಹುದೇ? ಆಸನಗಳಿಗೆ ಬಾಡಿಗೆ ಕೊಡಲೇಬೇಕೇ, ಅಥವಾ ಚಾಪೆ ಹಾಸಿ ಕುಳಿತುಕೊಳ್ಳಬಹುದೇ?

ನಾವಿಕ ಕಾರವಾರ

ಹಂಸವನ್ನು ಮನೆಯಲ್ಲೇ ಬಿಡಿ. ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಗುಡ್ಡದ ಮರೆಯಲ್ಲಿರುವ ತೀರದಲ್ಲಿ ನೀರು ಕೊಳದಷ್ಟು ಶಾಂತವಾಗಿ ಕಾಣುತ್ತದೆ, ಏಕೆಂದರೆ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತಿರುತ್ತದೆ. ಅಲೆ ಏಳದಿರುವುದಕ್ಕೆ ಕಾರಣವಾದ ಅದೇ ಗಾಳಿ, ಹಗುರವಾದ ಗಾಳಿಯಾಟಿಕೆಯನ್ನು ಮಗುವಿನ ಸಮೇತ ಹೊರಕ್ಕೆ ತಳ್ಳುತ್ತದೆ. ನೂರು ಅಡಿ ದಾಟಿದ ಮೇಲೆ ಮರೆ ತಪ್ಪಿ ವೇಗ ಇನ್ನೂ ಹೆಚ್ಚುತ್ತದೆ, ಈಜಿ ಹಿಡಿಯಲಾಗದು. 2020ರ ಆಗಸ್ಟ್‌ನಲ್ಲಿ ಗ್ರೀಸಿನ ಆಂಟಿರಿಯೋ ಬಳಿ ಒಂಟಿಕೊಂಬಿನ ಕುದುರೆಯ ಆಕಾರದ ಗಾಳಿಯಾಟಿಕೆಯ ಮೇಲೆ ಕುಳಿತಿದ್ದ ಪುಟ್ಟ ಬಾಲಕಿಯೊಬ್ಬಳು ಹೀಗೆಯೇ ತೇಲಿಹೋಗಿದ್ದಳು. ಆ ದಾರಿಯಲ್ಲಿ ಬಂದ ಫೆರಿ ಹಡಗಿನವರು ಅವಳನ್ನು ಎತ್ತಿಕೊಂಡಿದ್ದರಿಂದ ಬದುಕಿದಳು. ಮೈಗೆ ಸರಿಯಾಗಿ ಕಟ್ಟುವ, ಪ್ರಮಾಣಿತ ತೇಲುಜಾಕೆಟ್ ಕೊಳ್ಳಿ. ಬಕೆಟ್ಟು, ಸಲಿಕೆ ಸಾಕು, ಮಕ್ಕಳಿಗೆ ಅದೇ ರಾಜ್ಯ.

ಅಮ್ಮನಿಗೆ ಒಂದು ಸಮಾಧಾನದ ಸಂಗತಿ: ಏಜಿಯನ್‌ನಲ್ಲಿ ಭರತ ಇಳಿತ ಇಲ್ಲವೆಂದೇ ಹೇಳಬಹುದು, ವ್ಯತ್ಯಾಸ ಗೇಣಿನ ಆಸುಪಾಸು ಮಾತ್ರ. ನಮ್ಮ ಗೋಕರ್ಣ, ಮುರುಡೇಶ್ವರದಲ್ಲಿ ಬೆಳಗ್ಗೆ ನೋಡಿದ ಅಂಚು ಮಧ್ಯಾಹ್ನಕ್ಕೆ ಬೇರೆಲ್ಲೋ ಇರುತ್ತದೆ. ಅಲ್ಲಿ ಹಾಗಾಗುವುದಿಲ್ಲ. ಬೆಳಗಿನ ಒಂಬತ್ತರಿಂದ ಹನ್ನೊಂದರೊಳಗೆ, ಗಾಳಿ ಏಳುವ ಮೊದಲು, ಅಗಿಯೋಸ್ ಯೋರ್ಗಿಯೋಸ್‌ನ ಊರ ಕಡೆಯ ತುದಿಯಲ್ಲಿ ಇಳಿಸಿ. ನೀವು ಒಂದು ಪಕ್ಕ, ನಿಮ್ಮ ಯಜಮಾನರು ಇನ್ನೊಂದು ಪಕ್ಕ ಇದ್ದರೆ ಸಾಕು.

ಅಘನಾಶಿನಿ

ಅದಕ್ಕೆ ಸೇರಿಸುತ್ತೇನೆ. ಅಮ್ಮನಿಗೆ ರಬ್ಬರ್ ಅಡಿಯ ನೀರುಬೂಟು ಕೊಡಿಸಿ. ಮೊದಲನೆಯದಾಗಿ ಕಾಲು ಊರುವ ಧೈರ್ಯ ಬರುತ್ತದೆ. ಎರಡನೆಯದು, ಮೆಡಿಟರೇನಿಯನ್ ಮರಳಿನಲ್ಲಿ ಹುದುಗಿರುವ ವೀವರ್ ಎಂಬ ಮೀನೊಂದಿದೆ, ಅಪರೂಪಕ್ಕೆ ತುಳಿದರೆ ಬೆನ್ನಿನ ಮುಳ್ಳು ಚುಚ್ಚಿ ವಿಪರೀತ ಉರಿಯುತ್ತದೆ. ಚರ್ಮ ತಾಳುವಷ್ಟು ಬಿಸಿ ನೀರಿನಲ್ಲಿ ಪಾದ ಇಟ್ಟರೆ ವಿಷದ ಉರಿ ಇಳಿಯುತ್ತದೆ, ಹತ್ತಿರದ ಯಾವ ಹೋಟೆಲಿನವರನ್ನು ಕೇಳಿದರೂ ಕೊಡುತ್ತಾರೆ. ಬಂಡೆಗಳ ಬಳಿ ಸೀ ಅರ್ಚಿನ್ ಎಂಬ, ಮುಳ್ಳಿನ ಚೆಂಡಿನಂತಹ ಪುಟ್ಟ ಕಡಲಜೀವಿಗಳಿರುತ್ತವೆ. ಅಂಚಿನಲ್ಲಿ ಕಂದು ಎಲೆಗಳ ರಾಶಿ ಕಂಡರೆ ಕೊಳಕು ಎಂದುಕೊಳ್ಳಬೇಡಿ, ಅದು ಪೊಸಿಡೋನಿಯಾ ಎಂಬ ಕಡಲಹುಲ್ಲು. ಮರಳು ಕೊಚ್ಚಿಹೋಗದಂತೆ ತೀರವನ್ನು ಕಾಯುವುದೇ ಅದು.

ನಡೆಯಲು ಇನ್ನೂ ಕಷ್ಟವಿರುವ ಹಿರಿಯರಿಗಾಗಿ ಗ್ರೀಸಿನ ಅನೇಕ ಕಡಲತೀರಗಳಲ್ಲಿ ಸೀಟ್ರಾಕ್ ಎಂಬ ಸೌರಶಕ್ತಿಯ ಸಾಧನ ಹಾಕಿದ್ದಾರೆ. ಕುರ್ಚಿಯೊಂದು ಹಳಿಯ ಮೇಲೆ ಜಾರಿ ನೇರವಾಗಿ ನೀರಿಗಿಳಿಯುತ್ತದೆ, ರಿಮೋಟಿನಿಂದ ತಾನೇ ನಡೆಸಬಹುದು. ಬಳಕೆ ಉಚಿತ. ಯಾವ ತೀರದಲ್ಲಿ ಈಗ ಕೆಲಸ ಮಾಡುತ್ತಿದೆ ಎಂಬುದು ಅದರ ಜಾಲತಾಣದ ನಕ್ಷೆಯಲ್ಲಿ ಕಾಣುತ್ತದೆ. ಇಂತಹದೊಂದು ನಮ್ಮ ಮಲ್ಪೆಯಲ್ಲೂ ಬರಲಿ ಎಂದು ನನಗೆ ನಿಜವಾಗಿಯೂ ಆಸೆಯಿದೆ.

ಹಂಪಿ ಹಾದಿ

ಚಾಪೆಯ ಪ್ರಶ್ನೆಗೆ ಉತ್ತರ: ಖಂಡಿತ ಹಾಸಬಹುದು. ಗ್ರೀಸಿನಲ್ಲಿ ಕಡಲತೀರ ಸಾರ್ವಜನಿಕ ಆಸ್ತಿ. 2023ರ ಬೇಸಿಗೆಯಲ್ಲಿ ಪಕ್ಕದ ಪಾರೋಸ್ ದ್ವೀಪದ ಜನ, ಬಾಡಿಗೆ ಆಸನಗಳು ಇಡೀ ಮರಳನ್ನು ನುಂಗಿವೆ ಎಂದು ಪ್ರತಿಭಟನೆಗಿಳಿದರು. ಟವೆಲ್ ಚಳವಳಿ ಎಂದೇ ಹೆಸರಾದ ಅದು ನಾಕ್ಸೋಸಿಗೂ ಹಬ್ಬಿತು. ಮರುವರ್ಷ, 2024ರಲ್ಲಿ, ಹೊಸ ಕಾನೂನು ಬಂದಿತು: ಆಸನಗಳು ನೀರಿನಂಚಿನಿಂದ ಕನಿಷ್ಠ 4 ಮೀಟರ್ ಹಿಂದಿರಬೇಕು, ತೀರದ ಕನಿಷ್ಠ ಅರ್ಧ ಭಾಗ ಖಾಲಿ ಇರಬೇಕು. ದೂರು ಕೊಡುವುದಕ್ಕೆ ಸರ್ಕಾರವೇ ಮೊಬೈಲ್ ಆ್ಯಪ್ ಮಾಡಿದೆ. ಜನ ಕೇಳಿ ಪಡೆದ ಹಕ್ಕು ಇದು, ಸಂಕೋಚವಿಲ್ಲದೆ ಚಾಪೆ ಹಾಸಿ. ಆದರೆ ನಿಮ್ಮ ಅಮ್ಮನಿಗೆ ನೆಲದ ಮೇಲೆ ಕುಳಿತು ಏಳುವುದು ಕಷ್ಟವಾಗಬಹುದು, ಅವರಿಗೊಂದು ಛತ್ರಿಯಿರುವ ಆಸನ ಬಾಡಿಗೆಗೆ ಹಿಡಿಯಿರಿ.

ಇನ್ನೊಂದು ಖರ್ಚು: ಹೋಟೆಲ್ ಬಾಡಿಗೆಯಲ್ಲದೆ ಹವಾಮಾನ ಶುಲ್ಕವೆಂದು ಪ್ರತಿ ಕೊಠಡಿಗೆ, ಪ್ರತಿ ರಾತ್ರಿಗೆ ಬೇರೆಯಾಗಿ ವಸೂಲು ಮಾಡುತ್ತಾರೆ. 2025ರ ದರದಂತೆ ಬೇಸಿಗೆಯ ತಿಂಗಳುಗಳಲ್ಲಿ ಹೋಟೆಲಿನ ದರ್ಜೆಗೆ ತಕ್ಕಂತೆ 2ರಿಂದ 15 ಯೂರೋ. ಎರಡು ಕೊಠಡಿ, ಒಂದು ವಾರ ಎಂದರೆ ಗಣನೀಯ ಮೊತ್ತ.

ಬಾಳೆಎಲೆ

ಊಟದ ಬಗ್ಗೆ ಯಾರೂ ಹೇಳಲಿಲ್ಲ, ಅದು ನನ್ನ ಪಾಲಿಗಿರಲಿ. ಗ್ರೀಸಿನಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುತ್ತಾರೆ ಎಂಬುದು ಸುಳ್ಳು. ಅವರ ಆರ್ಥೊಡಾಕ್ಸ್ ಕ್ರೈಸ್ತ ಧರ್ಮದಲ್ಲಿ ವರ್ಷದ ಎಷ್ಟೋ ದಿನ ಮಾಂಸ, ಹಾಲು ಬಿಡುವ ವ್ರತಗಳಿವೆ. ಅದರಿಂದಾಗಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಅಡುಗೆಯ ದೊಡ್ಡ ಪರಂಪರೆಯೇ ಇದೆ. ಫಾವಾ ಎಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿದ್ದು, ನಮ್ಮ ತೊವ್ವೆಯ ಹತ್ತಿರದ ನೆಂಟ. ಗಿಗಾಂತೆಸ್ ಎಂದರೆ ಟೊಮೇಟೊ ಗೊಜ್ಜಿನಲ್ಲಿ ಬೆಂದ ದೊಡ್ಡ ಅವರೆಯಂತಹ ಕಾಳು. ಬಗೆಬಗೆಯ ತರಕಾರಿಯ ಬ್ರಿಯಾಮ್, ಹುರುಳಿಕಾಯಿಯ ಫಾಸೊಲಾಕಿಯಾ, ಪಾಲಕ್ ಮತ್ತು ಅಕ್ಕಿಯ ಸ್ಪನಕೋರಿಜೊ, ಇವೆಲ್ಲವನ್ನೂ ಅಪ್ಪ ಅಮ್ಮ ಇಷ್ಟಪಡುತ್ತಾರೆ. ನಾಕ್ಸೋಸಿನ ಆಲೂಗಡ್ಡೆ ಇಡೀ ಗ್ರೀಸಿನಲ್ಲಿ ಪ್ರಸಿದ್ಧ, ಮಕ್ಕಳ ಚಿಂತೆ ಅಲ್ಲಿಗೆ ಮುಗಿಯಿತು.

ಎಚ್ಚರ ಬೇಕಾದ ಕಡೆಗಳೂ ಇವೆ. ವ್ರತದ ಅಡುಗೆ ಎಂದು ಕೇಳಿದರೆ ಸೀಗಡಿ, ಆಕ್ಟೋಪಸ್ ಬಂದೀತು, ಏಕೆಂದರೆ ಅವರ ವ್ರತಕ್ಕೆ ಅವು ನಿಷಿದ್ಧವಲ್ಲ. ಮಾಂಸ ಬೇಡ, ಮೀನು ಬೇಡ, ಕಡಲ ಪ್ರಾಣಿ ಬೇಡ, ಮೊಟ್ಟೆ ಬೇಡ ಎಂದು ಬಿಡಿಸಿ ಹೇಳಿ. ಟೊಮೇಟೊದಲ್ಲಿ ಅನ್ನ ತುಂಬಿದ ಗೆಮಿಸ್ತಾಕ್ಕೆ ಕೆಲವರು ಕೊಚ್ಚಿದ ಮಾಂಸ ಸೇರಿಸುತ್ತಾರೆ. ಗ್ರಾವಿಯೆರಾ ಚೀಸ್ ದ್ವೀಪದ ಹೆಮ್ಮೆ, ಆದರೆ ಅದನ್ನು ಸಾಂಪ್ರದಾಯಿಕವಾಗಿ ಕರುವಿನ ಜಠರದ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ತಿಳಿದು ತಿನ್ನಲಿ ಎಂದು ಹೇಳಿದೆ. ಅಡುಗೆಮನೆಯಿರುವ ಕೊಠಡಿ ಹಿಡಿದರೆ ಒಂದು ಕುಕ್ಕರ್ ಅನ್ನ, ಅಲ್ಲಿನ ಗಟ್ಟಿ ಮೊಸರು, ನಿಮ್ಮ ಮನೆಯ ಉಪ್ಪಿನಕಾಯಿ. ರಾತ್ರಿಯ ಊಟಕ್ಕೆ ಮಕ್ಕಳನ್ನು ಎಬ್ಬಿಸಿ ಕರೆದೊಯ್ಯುವ ಗೋಜಿಲ್ಲ.

ಹಂಪಿ ಹಾದಿ

ಅಪ್ಪ ಅಮ್ಮನ ವೀಸಾ ಬಗ್ಗೆ ಯೋಚಿಸಿದ್ದೀರಾ? ಗ್ರೀಸಿಗೆ ಬೇರೆ ವೀಸಾ ಬೇಕಿಲ್ಲ. ಹೆಚ್ಚು ದಿನ ಉಳಿಯುವುದು ಜರ್ಮನಿಯಲ್ಲಾದ್ದರಿಂದ ಷೆಂಗೆನ್ (ನಡುವೆ ಗಡಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಕೂಟ) ವೀಸಾ ಅರ್ಜಿಯನ್ನು ಜರ್ಮನಿಗೇ ಸಲ್ಲಿಸಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಹಾಕಬಹುದು. ವಯಸ್ಕರಿಗೆ ಶುಲ್ಕ 90 ಯೂರೋ. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸಬೇಕು. ಒಂದೇ ಪ್ರವೇಶದ ವೀಸಾ ಸಿಕ್ಕರೂ ನಾಕ್ಸೋಸಿಗೆ ಹೋಗಿಬರಬಹುದು. ನಡುವೆ ಲಂಡನ್ ಅಥವಾ ಇಸ್ತಾಂಬುಲ್ ಮೂಲಕ ಹೋಗುವ ಅಗ್ಗದ ಟಿಕೆಟ್ ಮಾತ್ರ ಕೊಳ್ಳಬೇಡಿ, ಅಲ್ಲಿ ಷೆಂಗೆನ್ ಗಡಿ ದಾಟಿದಂತಾಗುತ್ತದೆ. ದೇಶದೊಳಗಿನ ಹಾರಾಟದಂತೆ ಕಂಡರೂ ಎಲ್ಲರ ಪಾಸ್‌ಪೋರ್ಟ್ ಕೈಯಲ್ಲಿರಲಿ.

ತುಂಗಾತೀರ

ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ನಿನ್ನೆ ರಾತ್ರಿ ಎಲ್ಲರೂ ಕುಳಿತು ಯೋಜನೆ ಬರೆದೆವು. ಅಥೆನ್ಸಿಗೆ ವಿಮಾನ, ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ಮೆಟ್ರೊ, ಒಂದು ರಾತ್ರಿ ಅಲ್ಲೇ. ಮರುದಿನ ಬೆಳಗಿನ ದೊಡ್ಡ ಹಡಗು. ಹೋರಾದಲ್ಲಿ, ಅಗಿಯೋಸ್ ಯೋರ್ಗಿಯೋಸ್ ತೀರದ ಎದುರು ನೆಲಮಹಡಿಯ ಎರಡು ಕೊಠಡಿ, ಅಡುಗೆಮನೆ ಸಹಿತ. ಎರಡು ಬಾರಿ ಬಸ್ಸಿನಲ್ಲಿ ಅಗಿಯೋಸ್ ಪ್ರೊಕೋಪಿಯೋಸ್. ಸಂಜೆ ಪೋರ್ಟಾರಾ ನೋಡಿ ಬರುವುದು. ವಾರದ ಕೊನೆಗೆ ಬೆಳಗಿನ ವೇಗದ ಹಡಗು ಹಿಡಿದು, ಅದೇ ಸಂಜೆಯ ವಿಮಾನದಲ್ಲಿ ಸ್ಟುಟ್‌ಗಾರ್ಟ್. ಏನಾದರೂ ತಪ್ಪಿದೆಯೇ?

ಅಘನಾಶಿನಿ

ಪೋರ್ಟಾರಾ ಎಂದರೆ ಕ್ರಿ.ಪೂ. 6ನೆಯ ಶತಮಾನದಲ್ಲಿ ಆರಂಭಿಸಿ ಅರ್ಧಕ್ಕೇ ನಿಂತ ದೇವಾಲಯದ ಅಮೃತಶಿಲೆಯ ಬಾಗಿಲು. ಕೊನೆಯ ಏರು ಒರಟು ಕಲ್ಲಿನದು. ಅಲ್ಲಿಗೆ ಹೋಗುವ ಕಟ್ಟೆಯ ಮೇಲೆ ಗಾಳಿಯ ದಿನ ಅಲೆ ಹಾರಿ ಬೀಳುತ್ತದೆ. ಅಮ್ಮ ಬಂದರಿನ ಕಟ್ಟೆಯಲ್ಲಿ ಕುಳಿತೇ ನೋಡಲಿ, ಅಲ್ಲಿಂದಲೂ ಸೂರ್ಯಾಸ್ತಕ್ಕೆ ಚೆನ್ನಾಗಿ ಕಾಣುತ್ತದೆ. ಗಾಳಿ ಜೋರಿದ್ದ ದಿನ ತೀರದಲ್ಲಿ ಹಠ ಹಿಡಿದು ಕೂರಬೇಡಿ; ಟ್ಯಾಕ್ಸಿ ಮಾಡಿಕೊಂಡು ಒಳನಾಡಿನ ಹಾಲ್ಕಿ ಹಳ್ಳಿಗೆ ಹೋಗಿ, ಆಲಿವ್ ತೋಪುಗಳ ನಡುವಿನ ತಂಪು ಊರು. ದಾರಿಯಲ್ಲಿ ಸಾಂಗ್ರಿ ಬಳಿ ಧಾನ್ಯದೇವತೆ ಡಿಮಿಟರಳ ಅಮೃತಶಿಲೆಯ ಗುಡಿ ಇದೆ, ಕೃಷಿಕರಾದ ನಿಮ್ಮ ಅಪ್ಪನಂಥವರಿಗೆ ಮನಸ್ಸು ತುಂಬುವ ಜಾಗ.

ತುಂಗಾತೀರ

ಅಪ್ಪ ಅಡಿಕೆ ಬೆಳೆಗಾರರು ಎಂಬುದನ್ನು ನಾನು ಬರೆದೇ ಇರಲಿಲ್ಲ! ಡಿಮಿಟರಳ ಗುಡಿ ಪಟ್ಟಿಗೆ ಸೇರಿತು.

ನಾವಿಕ ಕಾರವಾರ

ಹೋಗುವ ಯೋಜನೆ ಚೆನ್ನಾಗಿದೆ, ಬರುವುದನ್ನು ಬದಲಿಸಿ. ದ್ವೀಪದಿಂದ ಹೊರಡುವ ದಿನವೇ ವಿಮಾನ ಇಟ್ಟುಕೊಳ್ಳಬಾರದು. ಬೋಫರ್ಟ್ ಮಾಪಕದಲ್ಲಿ ಗಾಳಿ 8ನ್ನು, ಎಂದರೆ ಗಂಟೆಗೆ 62 ಕಿಲೋಮೀಟರನ್ನು ಮುಟ್ಟುವ ಹೊತ್ತಿಗೆ ಗ್ರೀಸಿನ ಕರಾವಳಿ ಕಾವಲುಪಡೆ ಹಡಗುಗಳನ್ನು ತಡೆಯತೊಡಗುತ್ತದೆ. ವೇಗದ ಕಟಮರಾನ್‌ಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ನಿಲ್ಲದಿದ್ದರೂ ಅವು ಕುಲುಕುವ ರೀತಿಗೆ ಮಕ್ಕಳಿಗೆ ವಾಂತಿ ತಪ್ಪದು. ಹಡಗು ರದ್ದಾದರೆ ಯುರೋಪಿನ ನಿಯಮದಂತೆ ಟಿಕೆಟ್ ಹಣ ಅಥವಾ ಮುಂದಿನ ಹಡಗು ಸಿಗುತ್ತದೆ, ವಿಮಾನ ಕಾಯುವುದಿಲ್ಲ.

ಆದ್ದರಿಂದ ಬರುವಾಗಲೂ ದೊಡ್ಡ ಹಡಗೇ ಇರಲಿ, ಪಿರೇಯಸ್‌ಗೆ ಐದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅದು ವಿಮಾನದ ಹಿಂದಿನ ದಿನವಾಗಲಿ. ಹೊರಡುವ ಮೂರು ದಿನ ಮೊದಲಿನಿಂದ ಗ್ರೀಸಿನ ಸಾಗರ ಸಂಶೋಧನಾ ಕೇಂದ್ರದ ಪೊಸೈಡನ್ ಮುನ್ಸೂಚನೆಯನ್ನು ದಿನಕ್ಕೊಮ್ಮೆ ನೋಡಿ. 7 ಎಂದು ಕಂಡರೆ ಒಂದು ದಿನ ಮೊದಲೇ ಹೊರಡುವಂತೆ ಟಿಕೆಟನ್ನು ಬದಲಿಸಿಕೊಳ್ಳಿ. ಹಡಗು ಹತ್ತುವುದು ವಾಹನಗಳ ಇಳಿಜಾರಿನಿಂದಲೇ; ಅಮ್ಮನಿಗೆ ಲಿಫ್ಟ್ ಬೇಕೆಂದು ಅಲ್ಲಿರುವ ಸಿಬ್ಬಂದಿಗೆ ತಕ್ಷಣ ಹೇಳಿ, ಮೇಲಿನ ಅಂತಸ್ತಿಗೆ ಕರೆದೊಯ್ಯುತ್ತಾರೆ. ದೊಡ್ಡ ಪೆಟ್ಟಿಗೆಗಳನ್ನು ಕೆಳಗಿನ ಕಪಾಟಿನಲ್ಲಿಟ್ಟು ಔಷಧ, ನೀರು, ಮಕ್ಕಳ ಬಟ್ಟೆ ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಿ.

ತುಂಗಾತೀರ

ಬದಲಿಸಿದೆವು. ದೊಡ್ಡ ಹಡಗು, ಶುಕ್ರವಾರ. ವಿಮಾನ ಶನಿವಾರ ಸಂಜೆ. ನಡುವಿನ ರಾತ್ರಿಗೆ ಪಿರೇಯಸ್‌ನಲ್ಲಿ ಮೆಟ್ರೊ ನಿಲ್ದಾಣದ ಹತ್ತಿರ, ಲಿಫ್ಟ್ ಇರುವ ಹೋಟೆಲನ್ನು ಕಾಯ್ದಿರಿಸಿದೆ. ಹಂಸವನ್ನು ಅಂಗಡಿಗೆ ಹಿಂದಿರುಗಿಸಿ ಅದೇ ಹಣಕ್ಕೆ ಎರಡು ತೇಲುಜಾಕೆಟ್ ಮತ್ತು ಅಮ್ಮನಿಗೆ ನೀರುಬೂಟು ತಂದೆವು. ಅವರ ಕಾಲಿನ ಅಳತೆ ಫೋನಿನಲ್ಲಿ ಕೇಳಿ ತಿಳಿದುಕೊಂಡೆ. ವೀಸಾ ಅರ್ಜಿಗೆ ಬೆಂಗಳೂರಿನಲ್ಲಿ ಸಮಯ ಗೊತ್ತುಪಡಿಸುವುದೊಂದು ಬಾಕಿ ಇದೆ, ಅದನ್ನು ಸೋಮವಾರ ಮಾಡುತ್ತೇನೆ.